ಗೆಸ್ಟ್‌ಗೆ ಇಂಗ್ಲಿಷಲ್ಲಿ ಮೆಸೇಜ್ ಹಾಕಿದರೆ ಕಿರುಚಿದ ಹಾಗಾಗುತ್ತಂತೆ. ಯಾಕೆ?

ಕೊಟ್ಟಿಗೆಹಾರ ಹೋಂಸ್ಟೇ:

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ತಾಲ್ಲೂಕು ಕೊಟ್ಟಿಗೆಹಾರದ ಹತ್ತಿರ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತೇವೆ. ಮೂರೇ ರೂಮು. ಅಡುಗೆ ನಂದೇ. ಬುಕಿಂಗ್ ಮೆಸೇಜಿಗೆ ಉತ್ತರ ಕೊಡುವುದೂ ನಾನೇ. ಯಜಮಾನರಿಗೆ ತೋಟದ ಕೆಲಸವೇ ಕೈತುಂಬ ಇರುತ್ತೆ. ನಾನು ಹತ್ತನೇ ಕ್ಲಾಸ್‌ವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತೆ, ಬರೆಯೋಕೂ ಬರುತ್ತೆ. ಸ್ಪೆಲ್ಲಿಂಗ್ ಡಿಕ್ಷನರಿ ನೋಡಿಯೇ ಹಾಕುತ್ತೇನೆ. ಆದರೂ ಓದಿದವರು ಬೇಜಾರು ಮಾಡಿಕೊಳ್ಳುತ್ತಿದ್ದಾರೆ. ಎಲ್ಲಿ ಎಡವುತ್ತಿದ್ದೇನೆ ಅಂತ ಗೊತ್ತಾಗಬೇಕು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈ ಮಳೆಗಾಲ ಹೊರದೇಶದ ಗಂಡ ಹೆಂಡತಿ ಇಬ್ಬರು ಬುಕ್ ಮಾಡಿದ್ದರು. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಫೋನು. ಹಾಗೆ ನಿಂತು ಟೈಪ್ ಮಾಡಿದೆ. ಕೊಟ್ಟಿಗೆಹಾರ ದಾಟಿದ ಮೇಲೆ ಗೂಗಲ್ ಮ್ಯಾಪ್ ನೋಡಬೇಡಿ. ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ. ಕೊನೆಯ 2 ಕಿಲೋಮೀಟರ್‌ಗೆ ನಮ್ಮ ಜೀಪ್ ಬರುತ್ತೆ. ಇಂಬಳ (ಜಿಗಣೆ) ಇದೆ, ಉದ್ದ ಸಾಕ್ಸ್ ತನ್ನಿ. ಇಷ್ಟನ್ನೇ ಇಂಗ್ಲಿಷಲ್ಲಿ ಬರೆದದ್ದು. ಎಲ್ಲ ದೊಡ್ಡ ಎಬಿಸಿಡಿಯಲ್ಲೇ ಹಾಕಿದ್ದೆ. ಬ್ಯಾಂಕ್ ಫಾರಂ ಆಗಲಿ, ಮಗಳ ಕಾಲೇಜಿನ ಅರ್ಜಿ ಆಗಲಿ, ಕ್ಯಾಪಿಟಲ್ ಲೆಟರಲ್ಲಿ ತುಂಬಿ ಅಂತಲೇ ಇರುತ್ತೆ ಅಲ್ವಾ? ಅದೇ ನೀಟು, ಅದೇ ಮರ್ಯಾದೆ ಅಂದುಕೊಂಡಿದ್ದೆ.

ಉತ್ತರ ಏನು ಬಂತು ಗೊತ್ತಾ? "ದಯವಿಟ್ಟು ನಮ್ಮ ಮೇಲೆ ಕಿರುಚಬೇಡಿ" ಅಂತ. ನಾನು ಕಳಿಸಿದ್ದನ್ನು ಎರಡು ಸಲ ಓದಿದೆ. ಕಿರುಚುವ ಮಾತು ಯಾವುದು ಅಂತ ಹೊಳೆಯಲೇ ಇಲ್ಲ.

ಅವರು ಬಂದರು. ಕಡುಬು, ಕಳಲೆ ಪಲ್ಯ, ಅಕ್ಕಿರೊಟ್ಟಿ, ಎಲ್ಲ ಕೇಳಿ ಹಾಕಿಸಿಕೊಂಡು ತಿಂದರು. ಹೊರಡುವಾಗ ಆ ಹೆಂಗಸು ನನ್ನನ್ನು ತಬ್ಬಿಕೊಂಡರು. ಆಮೇಲೆ ರಿವ್ಯೂ ನೋಡಿದರೆ ಮೂರು ಸ್ಟಾರ್. ಊಟ ಚೆನ್ನಾಗಿತ್ತು, ಜಾಗ ಚೆನ್ನಾಗಿತ್ತು, ಎದುರಿಗೆ ಚೆನ್ನಾಗಿ ಮಾತಾಡುತ್ತಾರೆ, ಮೆಸೇಜಲ್ಲಿ ಮಾತ್ರ ಗದರುತ್ತಾರೆ ಅಂತ ಬರೆದಿದ್ದಾರೆ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಮಗಳು ಇನ್ನೊಂದು ಹೇಳುತ್ತಾಳೆ. ಅವಳು ಹಾಸನದಲ್ಲಿ ಓದುತ್ತಿದ್ದಾಳೆ. ನಾನು ಓಕೆ ಅಂತ ಬರೆದು ಫುಲ್‌ಸ್ಟಾಪ್ ಇಟ್ಟರೆ, "ಅಮ್ಮ, ಯಾಕೆ ಸಿಟ್ಟು?" ಅಂತ ಕೇಳುತ್ತಾಳೆ. ಫುಲ್‌ಸ್ಟಾಪ್ ಬಿಟ್ಟರೆ ಸ್ಕೂಲಲ್ಲಿ ನಮಗೆ ಮಾರ್ಕ್ಸ್ ಕಳೆಯುತ್ತಿದ್ದರು. ಈಗ ಇಟ್ಟರೆ ಸಿಟ್ಟಂತೆ.

ಕನ್ನಡದಲ್ಲಿ ನನಗೆ ಈ ಕಷ್ಟ ಇಲ್ಲ. ಬಾ ಅನ್ನುವುದು ಯಾರಿಗೆ, ಬನ್ನಿ ಅನ್ನುವುದು ಯಾರಿಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಲ್ಲಿ ಆ ಮರ್ಯಾದೆ ಎಲ್ಲಿ ಇಡುತ್ತಾರೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನದ ಇಂಗ್ಲಿಷ್ ಮೇಷ್ಟ್ರು:

ಅಮ್ಮಾ, ನಮಸ್ಕಾರ. ನಾನು ಹೈಸ್ಕೂಲಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ರಿಟೈರ್ ಆದವನು. ಮಾರ್ಕ್ಸ್ ಕಳೆದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯಲ್ಲೇ ಎಲ್ಲ ಇದೆ, ಅಲ್ಲಿಂದಲೇ ಶುರು ಮಾಡುತ್ತೇನೆ.

ಇಂಗ್ಲಿಷಲ್ಲೂ ಹಿಂದೆ ನೀನು, ನೀವು ಎರಡೂ ಇದ್ದವು. ದೌ ಅಂದರೆ ನೀನು, ಯೂ ಅಂದರೆ ನೀವು. 17ನೇ ಶತಮಾನದಲ್ಲಿ ದೌ ದಿನಬಳಕೆಯಿಂದ ಬಿದ್ದುಹೋಗುತ್ತಾ ಬಂತು. ಉಳಿದದ್ದು ನೀವು ಮಾತ್ರ. ಈಗ ಜಡ್ಜಿಗೂ ಯೂ, ಮನೆಯ ನಾಯಿಗೂ ಯೂ. ಎಲ್ಲರಿಗೂ ಒಂದೇ ಆದಮೇಲೆ ಆ ಪದದಲ್ಲಿ ಮರ್ಯಾದೆ ತೋರಿಸೋಕೆ ಆಗಲ್ಲ. ಅದನ್ನು ಬೇರೆ ಕಡೆ ಇಡಬೇಕಾಗುತ್ತೆ.

ನಿಮ್ಮ ಸಾಕ್ಸ್ ಮಾತನ್ನೇ ತಗೊಳ್ಳಿ. ನಿಮ್ಮ ಮನಸ್ಸಲ್ಲಿ ಇದ್ದದ್ದು "ತನ್ನಿ". ಆ ನ್ನಿ ಒಳಗೇ ಮರ್ಯಾದೆ ಇದೆ. ಅದನ್ನು ಬ್ರಿಂಗ್ ಅಂತ ಬರೆದಿರಿ. ಬ್ರಿಂಗ್ ಅನ್ನುವುದು ತನ್ನಿ ಅಲ್ಲ, ತಾ ಕೂಡ ಅಲ್ಲ. ಅದು ಬರೀ ಕ್ರಿಯೆ, ಮರ್ಯಾದೆ ಅದಕ್ಕೆ ಅಂಟುವುದೇ ಇಲ್ಲ. ಪ್ಲೀಸ್ ಸೇರಿಸಬೇಕು, ಇಲ್ಲವೇ ಕುಡ್ ಯೂ ಅಂತ ಕೇಳಬೇಕು. ನಮಗೆ ಪ್ಲೀಸ್ ಹೇಳಿ ಅಭ್ಯಾಸ ಇಲ್ಲ. ದಯವಿಟ್ಟು ಅನ್ನೋದು ನಮ್ಮಲ್ಲಿ ಬೋರ್ಡಿಗೆ, ಪ್ರಕಟಣೆಗೆ. ಪಕ್ಕದ ಮನೆಗೆ ಹೋಗಿ "ದಯವಿಟ್ಟು ಒಂದು ಲೋಟ ನೀರು ಕೊಡಿ" ಅಂತ ಯಾರು ಕೇಳುತ್ತಾರೆ? ಕೊಡಿ ಅಂದರೆ ಸಾಕು. ಹಾಗಾಗಿ ಒಳ್ಳೆಯ ಕನ್ನಡ ಮಾತಾಡುವವರೇ ಇಂಗ್ಲಿಷಲ್ಲಿ ಪ್ಲೀಸ್ ಮರೆಯುತ್ತಾರೆ. ಅದು ಒರಟುತನ ಅಲ್ಲ. ಆದರೆ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು?

ಇನ್ನು ದೊಡ್ಡ ಎಬಿಸಿಡಿ. ನಮ್ಮ ಕನ್ನಡದಲ್ಲಿ ಕ ಅಂದರೆ ಕ. ದೊಡ್ಡ ಕ, ಚಿಕ್ಕ ಕ ಅಂತ ಇಲ್ಲ. ಹಾಗಾಗಿ ಅಕ್ಷರ ದೊಡ್ಡದಾದರೆ ದನಿ ದೊಡ್ಡದಾಗುತ್ತೆ ಅನ್ನುವುದು ನಮ್ಮ ಕಣ್ಣಿಗೆ ತಾನಾಗಿ ಬರುವ ಸಂಗತಿ ಅಲ್ಲ. ನಾನು ಚಿಕ್ಕವನಿದ್ದಾಗ ಮನೆಗೆ ಒಂದು ಟೆಲಿಗ್ರಾಂ ಬಂದಿತ್ತು. ಫಾರಂ ಮೇಲೆ ಉದ್ದುದ್ದ ಕಾಗದದ ಪಟ್ಟಿ ಅಂಟಿಸಿದ್ದರು. ಅಂಟು ಒಣಗಿ ಅಂಚು ಮೇಲೆದ್ದಿತ್ತು. ಅಕ್ಷರ ಎಲ್ಲ ಕ್ಯಾಪಿಟಲ್. ಅಜ್ಜಿ ಹೋದ ಸುದ್ದಿ ಅದು. ಅದನ್ನು ಓದಿದ ಯಾರಿಗೂ ಕಿರುಚಿದ ಹಾಗೆ ಕೇಳಿಸಿರಲಿಲ್ಲ. ಆಗ ಟೆಲಿಗ್ರಾಂ ಅಚ್ಚು ಹಾಕುತ್ತಿದ್ದ ಟೆಲಿಪ್ರಿಂಟರ್ ಯಂತ್ರದ ಕೋಡ್‌ನಲ್ಲಿ, ಕಾಗದದ ಟೇಪಿನ ಮೇಲೆ ಒಂದು ಅಕ್ಷರಕ್ಕೆ ಐದು ತೂತಿನ ಜಾಗ. ಐದು ತೂತಿನಲ್ಲಿ 32 ಗುರುತು ಮಾತ್ರ ಮಾಡಬಹುದು. ಎರಡೂ ಥರದ ಅಕ್ಷರಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಮೊದಮೊದಲಿನ ಎಷ್ಟೋ ಕಂಪ್ಯೂಟರ್‌ಗಳಲ್ಲೂ ಇದ್ದದ್ದು ಕ್ಯಾಪಿಟಲ್ ಒಂದೇ.

ಆಮೇಲೆ ಚಿಕ್ಕ ಅಕ್ಷರ ಬಂತು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಾಗಾದಾಗ ದೊಡ್ಡದಕ್ಕೆ ಬೇರೆ ಅರ್ಥ ಹುಟ್ಟಿತು. 1980ರ ದಶಕದಲ್ಲಿ, ಯೂಸ್‌ನೆಟ್ ಅಂತ ಕಂಪ್ಯೂಟರಿನಲ್ಲಿ ಬರೆದು ಚರ್ಚೆ ಮಾಡುವ ಜಾಗ ಇತ್ತು. ಎಲ್ಲ ಕ್ಯಾಪಿಟಲ್ ಅಂದರೆ ಕೂಗು ಅನ್ನುವ ಮಾತು ಅಲ್ಲಿ ಗಟ್ಟಿಯಾಯಿತು. ನಮ್ಮ ದೇಶದಲ್ಲಿ ಟೆಲಿಗ್ರಾಂ ನಿಂತದ್ದು 2013ರ ಜುಲೈನಲ್ಲಿ. ಬ್ಯಾಂಕ್ ಫಾರಂ ಇನ್ನೂ ನಿಂತಿಲ್ಲ. ಅಲ್ಲಿ ಕ್ಯಾಪಿಟಲ್ ಕೇಳುವುದು ಕೈಬರಹ ಅರ್ಥ ಆಗಲಿ ಅಂತ. ನೀವು ಫಾರಂನಲ್ಲಿ ಕಲಿತದ್ದನ್ನು ಮಾತಿಗೆ ಹಾಕಿದಿರಿ, ಅಷ್ಟೇ ಆಗಿರೋದು.

ಫುಲ್‌ಸ್ಟಾಪ್ ವಿಷಯಕ್ಕೆ ನಾನೂ ಮೊದಲು ನಂಬಿರಲಿಲ್ಲ, ಮೊಮ್ಮಗನ ಜೊತೆ ವಾದ ಮಾಡಿದ್ದೆ. ಆದರೆ ಅಮೆರಿಕದ ಬಿಂಗ್‌ಹ್ಯಾಂಟನ್ ಯೂನಿವರ್ಸಿಟಿಯವರು 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದೇ ಪದದ ಉತ್ತರಕ್ಕೆ ಕೊನೆಗೆ ಚುಕ್ಕೆ ಇದ್ದರೆ, ಮೊಬೈಲ್ ಮೆಸೇಜಲ್ಲಿ ಓದಿದ ಹುಡುಗರಿಗೆ ಅದು ಮನಸ್ಸಿನಿಂದ ಬಂದ ಮಾತಲ್ಲ ಅನ್ನಿಸಿತು. ಅದೇ ಉತ್ತರ ಕೈಬರಹದ ಚೀಟಿಯಲ್ಲಿದ್ದರೆ ಹಾಗೆ ಅನ್ನಿಸಲಿಲ್ಲ. ಕಾರಣ ಯೋಚಿಸಿದರೆ ಸರಳ. ಕಾಗದದಲ್ಲಿ ವಾಕ್ಯ ಮುಗಿಯಿತು ಅಂತ ಹೇಳೋಕೆ ಚುಕ್ಕೆ ಬೇಕು. ಮೆಸೇಜಲ್ಲಿ ಕಳಿಸಿದ ಕೂಡಲೇ ವಾಕ್ಯ ಮುಗಿದಾಯಿತು. ಬೇಡದ ಕಡೆ ಚುಕ್ಕೆ ಕಂಡರೆ, ಯಾಕೆ ಇಟ್ಟರು ಅಂತ ಓದುವವರು ಹುಡುಕುತ್ತಾರೆ. ಉದ್ದದ ಮೆಸೇಜಲ್ಲಿ, ಇಮೇಲಲ್ಲಿ ಧಾರಾಳವಾಗಿ ಇಡಿ. ಒಂದು ಪದದ ಉತ್ತರಕ್ಕೆ ಮಾತ್ರ ಬಿಡಿ.

ಚಿಕ್ಕಮಗಳೂರು ಹುಡುಗಿ, ಈಗ ಬೆಂಗಳೂರು:

ಅಕ್ಕ, ನಿಮ್ಮ ಮೂರು ಸ್ಟಾರ್ ಕಥೆ ಓದಿ ಹೊಟ್ಟೆ ಉರಿಯಿತು. ಕಳಲೆ ಪಲ್ಯ ತಿಂದು ಯಾರಾದರೂ ಮೂರು ಕೊಡ್ತಾರಾ!

ನಾನು ಹೊರದೇಶದ ಕಸ್ಟಮರ್‌ಗಳಿಗೆ ಚಾಟಲ್ಲಿ ಉತ್ತರ ಕೊಡುವ ಕೆಲಸದಲ್ಲಿದ್ದೇನೆ, ನಾಲ್ಕು ವರ್ಷ ಆಯ್ತು. ಮೊದಲನೇ ತಿಂಗಳು ನನಗೂ ಬೈಗುಳ ಬಿದ್ದಿದೆ. ನನಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಡೌಟ್ ಅನ್ನೋ ಪದ. "ಏನಾದರೂ ಡೌಟ್ ಇದ್ದರೆ ಕೇಳಿ" ಅಂತ ನಾವು ದಿನಾ ಹೇಳ್ತೀವಿ. ನಮಗೆ ಡೌಟ್ ಅಂದರೆ ಪ್ರಶ್ನೆ. ಅವರಿಗೆ ಡೌಟ್ ಅಂದರೆ ಅನುಮಾನ. ಒಬ್ಬರಿಗೆ ನಿಮ್ಮ ಬಿಲ್ ಬಗ್ಗೆ ನನಗೊಂದು ಡೌಟ್ ಇದೆ ಅಂತ ಬರೆದೆ. ನಾನು ಅವರನ್ನು ಕಳ್ಳರು ಅಂದೆ ಅಂತ ಕಂಪ್ಲೇಂಟ್ ಹಾಕಿದರು. ಕ್ವೆಶ್ಚನ್ ಅಂತ ಬರೆಯಿರಿ ಅಕ್ಕ. ಹಾಗೇ ರಿವರ್ಟ್ ಅನ್ನೋದೂ ಬೇಡ. ಅಲ್ಲಿ ಅದು ಹಿಂದಿನ ಸ್ಥಿತಿಗೆ ಹೋಗುವುದು, ಉತ್ತರ ಕೊಡುವುದಲ್ಲ. ಕೈಂಡ್ಲಿ ತಪ್ಪಲ್ಲ, ಆದರೆ ಪ್ಲೀಸ್ ಅದಕ್ಕಿಂತ ಹತ್ತಿರ.

ಚುಕ್ಕೆ ಸಾಲು ನೋಡಿಕೊಳ್ಳಿ. ನಮ್ಮಪ್ಪ ಮೆಸೇಜ್ ಮಾಡಿದರೆ ಊಟ ಆಯ್ತಾ ಅಂತ ಬರೆದು ನಾಲ್ಕು ಚುಕ್ಕೆ, ಬಸ್ ಸಿಕ್ತಾ ಅಂತ ಬರೆದು ಐದು ಚುಕ್ಕೆ. ನನಗೆ ಅದು ಅಪ್ಪ ಉಸಿರು ತಗೊಂಡ ಹಾಗೆ ಕೇಳಿಸುತ್ತೆ, ಇಷ್ಟ. ಆದರೆ ಇಂಗ್ಲಿಷಲ್ಲಿ ಚಾಟ್ ಮಾಡಿ ಬೆಳೆದವರಿಗೆ, ಏನೋ ಹೇಳದೆ ನುಂಗಿಕೊಂಡರು ಅನ್ನಿಸುತ್ತೆ. ಗೆಸ್ಟ್‌ಗೆ ರೂಮ್ ರೆಡಿ ಇದೆ ಅಂತ ಬರೆದು ಮೂರು ಚುಕ್ಕೆ ಇಟ್ಟರೆ, ರೂಮಲ್ಲಿ ಏನೋ ಸರಿ ಇಲ್ಲ ಅಂದುಕೊಳ್ಳುತ್ತಾರೆ.

ಈಗ ಮುಖ್ಯವಾದದ್ದು. ಅಕ್ಕ, ನಿಮ್ಮ ಬೋರ್ಡಲ್ಲಿ ಹೋಮ್ಲಿ ಫುಡ್ ಅಂತ ಇದೆಯಾ? ನಮ್ಮ ಘಾಟಿ ರಸ್ತೆಯಲ್ಲಿ ಎಷ್ಟೋ ಬೋರ್ಡಲ್ಲಿ ನೋಡಿದ್ದೀನಿ. ಅಮೆರಿಕದವರ ಇಂಗ್ಲಿಷಲ್ಲಿ ಹೋಮ್ಲಿ ಅಂದರೆ ನೋಡೋಕೆ ಚೆನ್ನಾಗಿಲ್ಲದ್ದು. ಬ್ರಿಟಿಷರಿಗೆ ಪರವಾಗಿಲ್ಲ, ಅವರಿಗೆ ಅದು ಮನೆ ಥರದ್ದು. ನಮ್ಮ ಕೆಲವು ಬೋರ್ಡ್‌ಗಳಲ್ಲಿ ಅದರ ಎರಡೂ ಕಡೆ ಇನ್ವರ್ಟೆಡ್ ಕಾಮಾ ಬೇರೆ. ಎದ್ದು ಕಾಣಲಿ ಅಂತ ಹಾಕೋದು ಅಂತ ನನಗೆ ಗೊತ್ತು. ಇಂಗ್ಲಿಷಲ್ಲಿ ಹಾಗೆ ಹಾಕಿದರೆ ಹೆಸರಿಗೆ ಮಾತ್ರ ಅಂತ ಅರ್ಥ. ನಮ್ಮೂರ ಹತ್ತಿರ ಒಂದು ಕಡೆ ಕ್ಲೀನ್ ರೂಮ್ಸ್ ಅಂತ ಬರೆದು ಕ್ಲೀನ್ ಅನ್ನೋ ಪದಕ್ಕೆ ಇನ್ವರ್ಟೆಡ್ ಕಾಮಾ ಹಾಕಿದ್ದಾರೆ. ಒಳಗೆ ಹೋಗಿ ನೋಡಿದ್ದೀನಿ, ನೆಲ ಕನ್ನಡಿ ಹಾಗಿದೆ. ಅಷ್ಟು ಚೊಕ್ಕ ಇಟ್ಟುಕೊಂಡು, ಎರಡು ಗುರುತಿನಿಂದ ಹೆಸರು ಕೆಡಿಸಿಕೊಳ್ಳುತ್ತಿದ್ದಾರಲ್ಲ ಅಂತ ಸಂಕಟ ಆಗುತ್ತೆ.

ಕೊಟ್ಟಿಗೆಹಾರ ಹೋಂಸ್ಟೇ:

ಸರ್, ತಂಗಿ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತನ್ನಿ ಅನ್ನೋದು ಬ್ರಿಂಗ್ ಆದಾಗ ಮರ್ಯಾದೆ ಬಿದ್ದುಹೋಗುತ್ತೆ ಅನ್ನೋದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಮ್ಮ ಬೋರ್ಡಲ್ಲೂ ಹೋಮ್ಲಿ ಇದೆ. ಇನ್ವರ್ಟೆಡ್ ಕಾಮಾನೂ ಇದೆ. ನಾನೇ ಪೇಂಟರ್‌ಗೆ ಹೇಳಿ ಹಾಕಿಸಿದ್ದು.

ಇನ್ನೊಂದು ಕೇಳಬೇಕಿತ್ತು. ಹೋದ ವರ್ಷ ಅಮೆರಿಕದಿಂದ ಒಬ್ಬರು, ನನ್ನ ಫ್ರೆಂಡ್ ಬರ್ತಾರೆ, ರೂಮ್ ಬೇಕು ಅಂತ ಬರೆದರು. ಮುಂದೆ ಎಲ್ಲ, ತುಂಬ ಜನ ಇದ್ದಾಗ ಇಂಗ್ಲಿಷಲ್ಲಿ ಹೇಳುವ ಹಾಗೆ, ದೇ, ದೇ ಅಂತಲೇ ಇತ್ತು. ದೇ ಮಾಂಸ ತಿನ್ನಲ್ಲ, ದೇ ಬಸ್ಸಲ್ಲಿ ಬರ್ತಾರೆ. ಫ್ರೆಂಡ್ಸ್ ಅಂತ ಬರೆಯೋಕೆ ಹೋಗಿ ಎಸ್ ಬಿಟ್ಟಿದ್ದಾರೆ ಅಂದುಕೊಂಡೆ. ಎರಡು ರೂಮಿನ ಹಾಸಿಗೆ ಬಿಸಿಲಿಗೆ ಹಾಕಿದೆ. ಮೂರು ತಟ್ಟೆ ಇಟ್ಟೆ. ಜೀಪಿಂದ ಇಳಿದದ್ದು ಒಬ್ಬರೇ. ಉಳಿದವರು ಎಲ್ಲಿ ಅಂತ ಕೇಳಿದೆ. ಅವರ ಮುಖ ಸಪ್ಪಗಾಯಿತು. ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಆಲ್ದೂರು ಬೆಳೆಗಾರ:

ಮೇಡಂ, ದೇ ಬಗ್ಗೆ ಮೇಷ್ಟ್ರು ಹೇಳಲಿ. ನಾನು ಹೆಬ್ಬೆರಳಿನ ವಿಷಯ ಹೇಳುತ್ತೇನೆ. ಇದು ನಮ್ಮ ಕಾಫಿಯವರು, ಮೆಣಸಿನವರು ಎಲ್ಲರೂ ತಿಳಿದಿರಬೇಕು.

ಕೆನಡಾದಲ್ಲಿ ಒಬ್ಬ ರೈತ ಇದ್ದ. 2021ರ ಮಾರ್ಚ್‌ನಲ್ಲಿ ಧಾನ್ಯ ಕೊಳ್ಳುವವರು ಅವನಿಗೆ ಅಗಸೆ ಖರೀದಿಯ ಕರಾರಿನ ಫೋಟೋ ಕಳಿಸಿ, ಕನ್ಫರ್ಮ್ ಮಾಡಿ ಅಂತ ಮೆಸೇಜ್ ಹಾಕಿದರು. ಇವನು ಹೆಬ್ಬೆರಳು ಎತ್ತಿದ ಗುರುತು ಒತ್ತಿದ. ಆಮೇಲೆ ಅಗಸೆ ರೇಟು ಏರಿತು. ಇವನು ಮಾಲು ಕೊಡಲಿಲ್ಲ. ಕೇಸು ಸಸ್ಕಾಚೆವಾನ್ ಪ್ರಾಂತ್ಯದ ಕೋರ್ಟಿಗೆ ಹೋಯಿತು. ಕರಾರು ಕೈಸೇರಿತು ಅಂತ ಹೇಳೋಕೆ ಹೆಬ್ಬೆರಳು ಹಾಕಿದೆ, ಒಪ್ಪಿಗೆ ಅಲ್ಲ ಅಂತ ಇವನ ವಾದ. 2023ರಲ್ಲಿ ಜಡ್ಜ್ ಅದನ್ನು ಸಹಿಗೆ ಸಮ ಅಂತ ತೀರ್ಮಾನಿಸಿದರು. ರೈತ 82,000 ಕೆನಡಿಯನ್ ಡಾಲರಿಗೂ ಜಾಸ್ತಿ ಕಟ್ಟಿಕೊಡಬೇಕು ಅಂತ ಆದೇಶ ಆಯಿತು. ಇದೇ ಇಬ್ಬರು ಹಿಂದೆ ಎಷ್ಟೋ ಸಲ ಮೆಸೇಜಲ್ಲೇ ಓಕೆ ಹೇಳಿ ವ್ಯಾಪಾರ ಮಾಡಿದ್ದರು, ಅದೂ ಲೆಕ್ಕಕ್ಕೆ ಬಂತು.

ನಾನು ಇದನ್ನು ಓದಿದ ದಿನ ನನ್ನ ವಾಟ್ಸಾಪ್ ತೆಗೆದು ನೋಡಿದೆ. ವ್ಯಾಪಾರಿಗಳು ದಿನಾ ಬೆಳಿಗ್ಗೆ ರೇಟ್ ಹಾಕುತ್ತಾರೆ. ಚೆರಿ ಕಾಫಿ ಇಷ್ಟು, ಪಾರ್ಚ್‌ಮೆಂಟ್ ಕಾಫಿ ಇಷ್ಟು, 50 ಕೆಜಿ ಮೂಟೆಗೆ. ಎಲ್ಲದಕ್ಕೂ ಹೆಬ್ಬೆರಳು ಒತ್ತಿದ್ದೇನೆ, ನೋಡಿದೆ ಅಂತ ಹೇಳೋಕೆ. ಈಗ ನಿಲ್ಲಿಸಿದ್ದೇನೆ. ನೋಡಿದೆ, ಆಮೇಲೆ ಹೇಳ್ತೀನಿ ಅಂತ ಕನ್ನಡದಲ್ಲೇ ಟೈಪ್ ಮಾಡುತ್ತೇನೆ. ಗೆಸ್ಟ್ ಯಾರಾದರೂ ಇನ್ನೂ ಎರಡು ಜನ ಸೇರಬಹುದಾ, ಅದೇ ರೇಟಾ ಅಂತ ಕೇಳಿದರೆ ಹೆಬ್ಬೆರಳು ಒತ್ತಬೇಡಿ.

ತಾರೀಖು ಬರೆಯುವಾಗಲೂ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. ಅಮೆರಿಕದಿಂದ ಕಾಫಿ ಕೊಳ್ಳುವವರೊಬ್ಬರು 02/03 ಅಂತ ಬರೆದಿದ್ದರು. ನಾವು ಮಾರ್ಚ್ 2 ಅಂದುಕೊಂಡೆವು. ಅವರು ತಿಂಗಳು ಮೊದಲು ಬರೆಯುತ್ತಾರೆ. ಫೆಬ್ರವರಿ 3ಕ್ಕೆ ಬಂದು ಗೇಟ್ ಹತ್ತಿರ ನಿಂತಿದ್ದರು. ರೋಬಸ್ಟಾ ಕುಯ್ಲು ಜೋರಾಗಿದ್ದ ಹೊತ್ತು, ಮನೆಯಲ್ಲಿ ಯಾರೂ ಇರಲಿಲ್ಲ.

ಹಾಸನದ ಇಂಗ್ಲಿಷ್ ಮೇಷ್ಟ್ರು:

ಅಮ್ಮಾ, ಆ ದೇ ನಮಗೆ ಹೊಸದಲ್ಲ. ಅದು ನಮ್ಮ "ಅವರು". ಡಾಕ್ಟರ್ ಬಂದರು, ಅವರು ಕಾಫಿ ಕುಡಿಯಲ್ಲ ಅಂತೀರಿ. ಬಂದಿರೋದು ಒಬ್ಬರೇ. ಗಂಡೋ ಹೆಣ್ಣೋ ಅಂತಲೂ ಆ ಮಾತಲ್ಲಿ ಗೊತ್ತಾಗಲ್ಲ. ಇಂಗ್ಲಿಷಲ್ಲೂ ಒಬ್ಬರಿಗೆ ದೇ ಅನ್ನುವುದು 14ನೇ ಶತಮಾನದಿಂದ ಸಿಗುತ್ತೆ. ಯಾರು ಅಂತ ಗೊತ್ತಿಲ್ಲದಾಗ ಹಾಗೆ ಹೇಳುತ್ತಿದ್ದರು. ಈಗ, ತಮ್ಮನ್ನು ಅವನು ಅಂತಲೂ ಬೇಡ, ಅವಳು ಅಂತಲೂ ಬೇಡ ಅನ್ನುವವರು ತಮಗೆ ದೇ ಅನ್ನಿ ಅಂತ ಕೇಳಿಕೊಳ್ಳುತ್ತಾರೆ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿಯವರು 2019ರ ವರ್ಷದ ಪದ ಅಂತ ಆರಿಸಿದ್ದು ಇದನ್ನೇ. ನಿಮ್ಮ ಗೆಸ್ಟ್ ಅಂಥವರೇ ಇದ್ದಿರಬಹುದು. ಉಳಿದವರು ಎಲ್ಲಿ ಅಂತ ಕೇಳಿದ್ದನ್ನು ಚುಚ್ಚುಮಾತು ಅಂದುಕೊಂಡಿರಬಹುದು. ಮುಂದೆ ಅಂಥ ಮೆಸೇಜ್ ಬಂದರೆ ಎಷ್ಟು ಜನ ಅಂತ ಒಂದು ಮಾತು ಕೇಳಿ. ತಪ್ಪೇನಿಲ್ಲ.

ಕೊಟ್ಟಿಗೆಹಾರ ಹೋಂಸ್ಟೇ:

ಸರ್, ಅವರು ಅಂತ ನೀವು ಹೇಳಿದ ಕೂಡಲೇ ಅರ್ಥ ಆಯ್ತು. ಅಯ್ಯೋ, ಆ ಮುಖ ಕಣ್ಣಮುಂದೆ ಬಂತು. ಅವರ ನಂಬರ್ ಇದೆ. ಇವತ್ತು ಕಣಕ್ಕೆ ಹೋಗಿ ಒಂದು ಮೆಸೇಜ್ ಹಾಕಿದ್ದೇನೆ. ಆವತ್ತು ನನಗೆ ತಿಳಿಯಲಿಲ್ಲ, ನಮ್ಮ ಭಾಷೆಯಲ್ಲಿ ಒಬ್ಬರಿಗೂ ಹಾಗೇ ಅನ್ನುತ್ತೇವೆ, ಇನ್ನೊಂದು ಸಲ ಬನ್ನಿ ಅಂತ. ಚಿಕ್ಕ ಅಕ್ಷರದಲ್ಲೇ ಬರೆದೆ. ಪ್ಲೀಸ್ ಹಾಕಿದೆ.

ಶನಿವಾರ ಬರುವ ಗೆಸ್ಟ್‌ಗೂ ಹೊಸ ಥರ ಬರೆದೆ. ಬರೋ ದಾರಿ ಸ್ವಲ್ಪ ಕಷ್ಟ, ಕೊಟ್ಟಿಗೆಹಾರದಿಂದ ದಯವಿಟ್ಟು ಒಂದು ಫೋನ್ ಮಾಡ್ತೀರಾ, ಜೀಪ್ ಕಳಿಸುತ್ತೇವೆ, ಆಗಸ್ಟ್‌ನಲ್ಲಿ ಇಂಬಳ ಇರುತ್ತೆ, ಉದ್ದ ಸಾಕ್ಸ್ ಇದ್ದರೆ ಒಳ್ಳೆಯದು ಅಂತ. ಕೊನೆಗೆ ಒಂದೇ ಒಂದು ಆಶ್ಚರ್ಯದ ಗುರುತು. ಮಗಳು ಓದಿ, "ಈಗ ನೀನು ಮಾತಾಡಿದ ಹಾಗೇ ಇದೆ" ಅಂದಳು.

ತಂಗಿ, ಪೇಂಟರ್ ನಾಳೆ ಬರ್ತಾರೆ. ಹೋಮ್ಲಿ ತೆಗೆದು ಹೋಂ ಕುಕ್ಡ್ ಫುಡ್ ಅಂತ ಬರೆಸೋಣ ಅಂತಿದ್ದೇನೆ. ಮಧ್ಯೆ ಗೀಟು ಬೇಕಾ? ಬೋರ್ಡಲ್ಲೂ ಚಿಕ್ಕ ಅಕ್ಷರಾನೇ ಹಾಕಿಸಬೇಕಾ?

ಚಿಕ್ಕಮಗಳೂರು ಹುಡುಗಿ, ಈಗ ಬೆಂಗಳೂರು:

ಹೋಂ, ಕುಕ್ಡ್ ಇವೆರಡರ ಮಧ್ಯೆ ಗೀಟು ಬೇಕು ಅಕ್ಕ, ಮುಂದೆ ಫುಡ್ ಇದೆಯಲ್ಲ. ಕುಕ್ಡ್ ಮತ್ತು ಫುಡ್ ಮಧ್ಯೆ ಬೇಡ. ಬೋರ್ಡಲ್ಲಿ ದೊಡ್ಡ ಎಬಿಸಿಡಿನೇ ಇರಲಿ. ಅದನ್ನು ಬಸ್ಸಿಂದ, ಮಂಜಲ್ಲಿ, ದೂರದಿಂದ ಓದೋದು. ಅಲ್ಲಿ ಯಾರಿಗೂ ಕಿರುಚಿದ ಹಾಗೆ ಅನ್ನಿಸಲ್ಲ.